ಕೆಂಪು ಚುಕ್ಕೆಯ ಹಯವದನರಾಯರು

ಹಯವದನರಾಯರು ಮೈಸೂರಿನವರು. ಕೇರಳದ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಅವರಿಗೆ ತಪಾಸಣೆಯ ಕೆಲಸ. ಹೊರಗಿನಿಂದ ಬಂದ ಬಿಡಿಭಾಗಗಳನ್ನು ಅಳೆದು, ಬೆಳಕಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಅದರ ಮೇಲೊಂದು ಕೆಂಪು ಚುಕ್ಕೆ ಇಡುವುದು. ಸರಿಯಿದ್ದರೆ ಏನೂ ಮಾಡದೆ, ಏನೂ ಹೇಳದೆ, ಮುಂದಿನ ಮೇಜಿಗೆ ದಾಟಿಸುವುದು. ತಪ್ಪಿಗೆ ಬಣ್ಣ, ಸರಿಗೆ ಮೌನ. ರಾಕೆಟ್ಟಿಗೆ ಇದು ಬಹಳ ಒಳ್ಳೆಯ ಪದ್ಧತಿ. ಸಂಸಾರಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ಮಾತ್ರ ರಾಯರು ಯಾವತ್ತೂ ಯೋಚಿಸಿರಲಿಲ್ಲ.

ಎಪ್ಪತ್ತೊಂದನೇ ಇಸವಿಯಲ್ಲಿ ಕಚೇರಿ ಕೆಲಸದ ಮೇಲೆ ಆಲುವಕ್ಕೆ ಹೋದಾಗ, ಒಂದು ಹಂಚಿನ ಕಾರ್ಖಾನೆಯ ಹಿತ್ತಲಿನಲ್ಲಿ ಅವರ ಕಣ್ಣಿಗೆ ಹಳೆಯ ಡಾಡ್ಜ್ ಪಿಕಪ್ ಗಾಡಿಯೊಂದು ಬಿತ್ತು. ಎರಡನೇ ಮಹಾಯುದ್ಧದ ಕಾಲದ್ದು. ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು, ತೂತು ಬಿದ್ದ ತಳದಿಂದ ಹುಲ್ಲು ಇಣುಕುತ್ತಿತ್ತು. ಜನ್ಮದಲ್ಲಿ ಒಂದು ಸೀರೆಯನ್ನೂ ತಾವಾಗಿ ಆರಿಸಿ ತರದ ಮನುಷ್ಯ, ಇದನ್ನು ಲಾರಿಯ ಮೇಲೆ ಹೇರಿಸಿಕೊಂಡು ತಿರುವನಂತಪುರಕ್ಕೆ ತಂದುಬಿಟ್ಟರು. ಹೆಂಡತಿ ರಾಜಲಕ್ಷ್ಮಿ ಬಾಗಿಲಲ್ಲೇ ನಿಂತು, "ಇದಕ್ಕೆ ಆರತಿ ಬೇರೆ ಎತ್ತಬೇಕಾ?" ಎಂದರು.

ರಾಯರಿಗೆ ಒಬ್ಬಳೇ ಮಗಳು, ವಿಜಯಾ. ಪ್ರಿ-ಡಿಗ್ರಿ ಓದುತ್ತಿದ್ದಳು. ತಂದೆಯನ್ನು ಅಣ್ಣ ಎನ್ನುವುದು ಮೈಸೂರಿನ ಆ ಮನೆತನದ ರೂಢಿ. ತಿರುವನಂತಪುರದಲ್ಲಿ ಅಣ್ಣನೆಂದರೆ ಒಡಹುಟ್ಟಿದವನೇ ಆದ್ದರಿಂದ, ನರೆತ ತಲೆಯ ಈ ಅಣ್ಣನನ್ನು ಕಂಡು ಅಕ್ಕಪಕ್ಕದವರು ಮೊದಮೊದಲು ಕಕ್ಕಾಬಿಕ್ಕಿಯಾಗಿದ್ದರು. ಹುಡುಗಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಲಯಾಳ. ಅಪ್ಪ-ಮಗಳ ನಡುವೆ ಆಡಲು ಅಷ್ಟೊಂದು ಮಾತೂ ಇರಲಿಲ್ಲ ಎನ್ನಿ. ಅವಳು ಏಳುವ ಮೊದಲೇ ಕಚೇರಿಯ ಬಸ್ಸು ಹತ್ತುತ್ತಿದ್ದ ರಾಯರು, ಮಗಳ ಜೊತೆ ಕೂತು ಒಂದು ಗಾಳಿಪಟವನ್ನೂ ಮಾಡಿದವರಲ್ಲ.

ಮೊದಲ ಭಾನುವಾರ ಅವಳೇ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. "ಞಾನುಂ ಕೂಡಾಂ," ಎಂದಳು. ತಾನೂ ಸೇರುತ್ತೇನೆ ಎಂದು. ರಾಯರಿಗೆ ಎದೆ ತುಂಬಿ ಬಂತು. ತುಂಬಿದ ಎದೆಯಿಂದ ಅವರು ಆಡಿದ ಮಾತು, "ಮೊದಲು ಕೈಬಳೆ ತೆಗೆದಿಟ್ಟು ಬಾ."

ಬೇಸಗೆಯೆಲ್ಲ ಇಬ್ಬರೂ ಮೈಕೈ ಗ್ರೀಸು ಮಾಡಿಕೊಂಡರು. ವಿಜಯಾಳ ಕೈ ಚುರುಕು. ತುಕ್ಕು ಉಜ್ಜಿದಳು, ಎಂಜಿನ್ನಿನ ವಾಲ್ವ್ ತೇದು ಕೂರಿಸಿದಳು, ಹ್ಯಾಂಡ್‌ಬ್ರೇಕನ್ನು ಪೂರ್ತಿ ಬಿಚ್ಚಿ ಕಟ್ಟಿದಳು. ಅವಳು ಕೈತೊಳೆಯಲು ಹೋದ ಕೂಡಲೇ ರಾಯರು ಸಣ್ಣ ಕುಂಚ ಹಿಡಿದು ಬರುತ್ತಿದ್ದರು. ಅಭ್ಯಾಸಬಲ. ಹ್ಯಾಂಡ್‌ಬ್ರೇಕಿಗಂತೂ ಮತ್ತೆ ಮತ್ತೆ ಕೆಂಪು ಚುಕ್ಕೆ ಬಿತ್ತು. ಅವಳು ಹಲ್ಲು ಕಚ್ಚಿ ಮತ್ತೆ ಮತ್ತೆ ಬಿಚ್ಚಿದಳು. ಕೊನೆಗೊಮ್ಮೆ ಚುಕ್ಕೆ ಬೀಳಲಿಲ್ಲ. ರಾಯರು ತುಟಿ ಪಿಟ್ಟೆನ್ನದೆ ಮುಂದಿನ ಕೆಲಸಕ್ಕೆ ಹೋದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಶಹಬ್ಬಾಸ್‌ಗಿರಿ.

ಆಮೇಲೆ ಬಾಗಿಲಿನ ಸರದಿ. ನೆಗ್ಗಿದ ಬಾಗಿಲನ್ನು ಬಡಿದು, ತಿದ್ದಿ, ಕೀಲು ಕೂರಿಸಿ, ಒಂದೇ ಬೆರಳಿಗೆ ಮುಚ್ಚಿಕೊಳ್ಳುವಂತೆ ಮಾಡಿ ವಿಜಯಾ ಅಮ್ಮನನ್ನು ಕರೆದು ತೋರಿಸಿದಳು. ಅವರಿಬ್ಬರೂ ಅತ್ತ ತಿರುಗುವಷ್ಟರಲ್ಲಿ ಕೀಲಿನ ಪಕ್ಕ ಕೆಂಪು ಚುಕ್ಕೆ ಕೂತಿತ್ತು. ಹುಡುಗಿ ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಎನಿಕ್ಕು ವಯ್ಯ," ಎಂದಳು. ನನ್ನಿಂದಾಗದು ಎಂದು. ಸ್ಪ್ಯಾನರ್ ಕೆಳಗಿಟ್ಟು ಒಳಗೆ ಹೋದವಳು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಊಟಕ್ಕೆ ಬಡಿಸುತ್ತ ರಾಜಲಕ್ಷ್ಮಿ ಕೇಳಿದರು. "ರೀ, ಆ ಮಗು ಮಾಡಿದ್ರಲ್ಲಿ ಒಂದಾದ್ರೂ ಸರಿಯಾಗಿತ್ತಾ?"

"ಎಲ್ಲಾ ಸರಿಯಾಗೇ ಇದೆ. ಸರಿ ಇಲ್ದಿದ್ದಕ್ಕೆ ಮಾತ್ರ ಚುಕ್ಕೆ ಇಟ್ಟಿದೀನಿ."

"ಅದು ಅವಳಿಗೆ ಗೊತ್ತಾ?"

"ಗೊತ್ತಾಗ್ದೆ ಏನು?"

"ಮದುವೆಯಾಗಿ ಇಷ್ಟು ವರ್ಷ ಆಯ್ತು," ಎಂದರು ರಾಜಲಕ್ಷ್ಮಿ, ಸಾರಿನ ಸೌಟು ಹಿಡಿದುಕೊಂಡೇ. "ನಾನು ಮಾಡೋ ಸಾರು ನಿಮಗೆ ಸೇರತ್ತಾ ಇಲ್ವಾ ಅಂತ ನನಗೇ ಇನ್ನೂ ಗೊತ್ತಿಲ್ಲ."

ಸಾರು ಚೆನ್ನಾಗಿತ್ತು. ರಾಯರು ಇನ್ನೊಂದು ಸಲ ಹಾಕಿಸಿಕೊಂಡರು, ಅಷ್ಟೇ. ಆಮೇಲೆ ಮಗಳ ಕೋಣೆಯ ಬಾಗಿಲವರೆಗೂ ಹೋದರು. "ಹತ್ತು ನಂಬರಿನ ಸ್ಪ್ಯಾನರ್ ನೋಡಿದೆಯೇನಮ್ಮ?" ಎಂದು ಕೇಳಿ ಹಿಂದಕ್ಕೆ ಬಂದರು. ಸ್ಪ್ಯಾನರ್ ಅವರ ಜೇಬಿನಲ್ಲೇ ಇತ್ತು. ಮಗಳು ಕೈತಪ್ಪಿ ಹೋದಳೆಂದು ಅವತ್ತು ಅವರಿಗೆ ನಿಜವಾಗಿ ಭಯವಾಯಿತು. ಗಾಡಿ ಒಮ್ಮೆ ಓಡಿತೆಂದರೆ ಅವಳ ಮುನಿಸು ತಾನಾಗಿ ಇಳಿದೀತು ಎಂದುಕೊಂಡು, ಉಳಿದಿದ್ದ ಬ್ರೇಕಿನ ಕೆಲಸಕ್ಕೆ ಒಬ್ಬರೇ ಕೈಹಾಕಿದರು.

ಬ್ರೇಕಿನ ಕೊಳವೆಗೆ ಎಣ್ಣೆ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ತೆಗೆಯಬೇಕು. ಅದು ಇಬ್ಬರು ಮಾಡುವ ಕೆಲಸ. ಒಬ್ಬರು ಮೇಲೆ ಕೂತು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ತಿರುಪು ಸಡಿಲಿಸಿ ಗಾಳಿ ಹೊರಗೆ ಬಿಟ್ಟು ಮತ್ತೆ ಬಿಗಿಯಬೇಕು. ಮಗಳನ್ನು ಕರೆಯಲು ರಾಯರಿಗೆ ಬಾಯಿ ಬರಲಿಲ್ಲ. ಪೆಡಲಿನ ಮೇಲೆ ಇಟ್ಟಿಗೆ ಹೇರಿ ಒಬ್ಬರೇ ಮುಗಿಸಿದರು. ಪ್ರಪಂಚದ ಕೆಲಸವನ್ನೆಲ್ಲ ತಪಾಸಣೆ ಮಾಡುವವರು ತಮ್ಮ ಕೆಲಸವನ್ನು ತಪಾಸಣೆ ಮಾಡಲಿಲ್ಲ. ಅದನ್ನು ಮಾಡುವವರು ಕಚೇರಿಯಲ್ಲೂ ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಜಿನ್ ಗುಡುಗುಟ್ಟಿದಾಗ ವಿಜಯಾ ತಡೆಯಲಾರದೆ ಹೊರಗೆ ಬಂದಳು. ಅಪ್ಪನ ಪಕ್ಕ ಹತ್ತಿ ಕೂತವಳು ಮೊದಲು ಕೇಳಿದ್ದೇ, "ಪೆಡಲ್ ಆರು ಚವಿಟ್ಟಿ?"

"ಯಾರೂ ತುಳಿದಿಲ್ಲ. ಇಟ್ಟಿಗೆ ಇಟ್ಟಿದ್ದೆ. ಎಲ್ಲಾ ಸರಿಯಾಗಿದೆ."

ಅವಳು ಹುಬ್ಬು ಗಂಟಿಕ್ಕಿದಳು. ರಾಯರು ಗಾಡಿ ಬಿಟ್ಟರು.

ಪೇಟೆ ದಾಟಿ, ತೆಂಗಿನ ಸಾಲಿನ ನಡುವೆ ತುಂಬಾ ಊರಿನ ಕಡೆ ಹೋಗುವಾಗ ಡಾಡ್ಜ್ ಮದುವೆ ದಿಬ್ಬಣದಂತೆ ಗದ್ದಲ ಮಾಡಿಕೊಂಡು ಸಾಗಿತು. ನಿಧಾನವಾಗಿ ಹೋಗುತ್ತಿದ್ದುದರಿಂದ ಬ್ರೇಕಿಗೆ ಹೆಚ್ಚು ಕೆಲಸ ಬೀಳಲಿಲ್ಲ. ಕಡಲಿಗೆ ಇಳಿಯುವ ಇಳಿಜಾರಿನಲ್ಲಿ ಆ ಕೆಲಸ ಬಿತ್ತು. ರಾಯರು ತುಳಿದರು. ಪೆಡಲ್ ಬೆಣ್ಣೆಗೆ ಕಾಲಿಟ್ಟಂತೆ ತಳಕ್ಕೆ ಹೋಯಿತು. ಮತ್ತೆ ತುಳಿದರು, ಗಾಡಿ ಇನ್ನಷ್ಟು ಜೋರಾಯಿತು. ಎದುರಿಗೆ ದಾರಿಯ ಕೊನೆಯಲ್ಲಿ ಹೆಂಗಸರು ಬಲೆ ಹರಡಿಕೊಂಡು ಕೂತಿದ್ದರು. ರಾಯರು ಪೆಡಲನ್ನೇ ತುಳಿಯುತ್ತಿದ್ದರು. ಆಗ ವಿಜಯಾ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಜಗ್ಗಿದಳು. ಗಾಡಿ ಕಿರುಚಿ, ಅಡ್ಡಕ್ಕೆ ಜಾರಿ, ಮರಳಿನಲ್ಲಿ ಹೂತು ನಿಂತಿತು. ಹೆಂಗಸರು ಎದ್ದು ಬಂದು ಬಾಯ್ತುಂಬ ಬೈದರು. ಇನ್ನೂ ಸ್ಟಿಯರಿಂಗ್ ಬಿಡದೆ ಕೂತಿದ್ದ ರಾಯರನ್ನು ಕಂಡು ಬೈಗುಳ ಬಿಟ್ಟು ನೀರು ಕೊಟ್ಟರು.

ನೀರು ಕುಡಿದು ಅವರು ಗಾಡಿಯಿಂದ ಇಳಿದರು. ಮಗಳು ಗಾಡಿಯಿಂದ ಬ್ರೇಕ್ ಎಣ್ಣೆಯ ಡಬ್ಬಿಯನ್ನೂ ಸ್ಪ್ಯಾನರನ್ನೂ ತೆಗೆದು ಅವರ ಕೈಗೆ ಕೊಟ್ಟಳು. ತಾನು ಹತ್ತಿ ಪೆಡಲಿನ ಮುಂದೆ ಕೂತಳು.

ರಾಯರು ಬಿಳಿ ಷರಟಿನಲ್ಲೇ ಮರಳಿನ ಮೇಲೆ ಮಲಗಿ ಚಕ್ರದ ಹಿಂದೆ ತೂರಿದರು.

"ತುಳಿ," ಎಂದರು.

"ತುಳಿದೆ," ಎಂದಳು ಅವಳೂ, ಕನ್ನಡದಲ್ಲೇ.

"ಬಿಡು."

"ಬಿಟ್ಟೆ."

ಒಂದೊಂದೇ ಚಕ್ರ ಮುಗಿಯಿತು. ಗಾಳಿಯ ಗುಳ್ಳೆಗಳು ನಿಂತು ಬರೀ ಎಣ್ಣೆ ಬಂತು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ವಿಜಯಾ ಕಾದಳು. ಅಪ್ಪ ಇನ್ನು ಎದ್ದು ಬಂದು, ಮೈ ಕೊಡವಿ, ಸುಮ್ಮನೆ ಮನೆಗೆ ಹೊರಡುತ್ತಾರೆ ಎಂದುಕೊಂಡಳು.

"ವಿಜಿ," ಎಂದಿತು ದನಿ, ಗಾಡಿಯ ಅಡಿಯಿಂದ. ಮುಖ ತೋರಿಸಬೇಕಾಗಿಲ್ಲವೆಂದೇ ರಾಯರಿಗೆ ಧೈರ್ಯ ಬಂದಿರಬೇಕು. "ನಿನ್ನ ಹ್ಯಾಂಡ್‌ಬ್ರೇಕು ಬಹಳ ಚೆನ್ನಾಗಿದೆ ಕಣಮ್ಮ. ಆ ಬಾಗಿಲೂ ಚೆನ್ನಾಗಿತ್ತು. ನೀನು ಮಾಡಿದ್ದೆಲ್ಲಾ ಚೆನ್ನಾಗಿತ್ತು."

ಹುಡುಗಿಯ ಕಣ್ಣು ತುಂಬಿತು. ಸ್ಪಷ್ಟವಾಗಿ ಕೇಳಿಸಿತ್ತು ಅವಳಿಗೆ. ಆದರೂ ಕಿಟಕಿಯಿಂದ ಬಗ್ಗಿ, "ಕೇಳಿಸಲಿಲ್ಲ ಅಣ್ಣಾ, ಇನ್ನೊಂದು ಸಲ ಹೇಳಿ," ಎಂದಳು.

ಹಯವದನರಾಯರು ಇನ್ನೊಂದು ಸಲ ಹೇಳಿದರು, ಬಲೆಯ ಹತ್ತಿರ ಕೂತವರೂ ತಿರುಗಿ ನೋಡುವಷ್ಟು ಜೋರಾಗಿ.