ಸೆಂಟ್ರಿಂಗ್ ಬೋರಯ್ಯ

ಸೆಂಟ್ರಿಂಗ್ ಎಂಬ ಮಾತನ್ನು ಗುಂಡ್ಲುಪೇಟೆಗೆ ತಂದವನೇ ಬೋರಯ್ಯ ಎಂದರೆ ಇಂಜಿನಿಯರುಗಳು ನಗಬಹುದು, ನಗಲಿ. ಇಂಗ್ಲಿಷಿನಲ್ಲಿ ಅದು ಕಮಾನು ಕಟ್ಟುವಾಗ ಅಡಿಯಲ್ಲಿ ಕೊಡುವ ಮರದ ಆಸರೆಯ ಹೆಸರಂತೆ. ನಮ್ಮೂರಲ್ಲಿ ತಾರಸಿಯ ಕೆಳಗೆ ಹಾಸುವ ಹಲಗೆಯೂ ಸೆಂಟ್ರಿಂಗೇ, ಹಲಗೆಗೆ ಆನಿಸುವ ಗಳವೂ ಸೆಂಟ್ರಿಂಗೇ, ಆ ಕೆಲಸ ಮಾಡುವವನೂ ಸೆಂಟ್ರಿಂಗ್ ಬೋರಯ್ಯನೇ. ಮೊದಲು ಸೆಂಟ್ರಿಂಗ್ ಹೊಡೆಯುತ್ತಾರೆ, ಸಿಮೆಂಟು ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಹೊಡೆಯುವುದನ್ನು ಯಾರು ಬೇಕಾದರೂ ಕಲಿಯಬಹುದು, ಬಿಚ್ಚುವುದಕ್ಕೇ ತಾಳ್ಮೆ ಬೇಕು ಎಂದು ಅವನು ಹೇಳುತ್ತಿದ್ದ.

ಅವನು ಚಂದಕವಾಡಿ ಕಡೆಯವನು. ಅಣ್ಣ ರಂಗನಾಯಕನ ಜೊತೆ ಕೇರಳದ ರಸ್ತೆಯ ಮೋರಿ ಕೆಲಸಕ್ಕೆ ಬಂದಿದ್ದ. ಗುತ್ತಿಗೆದಾರನೊಬ್ಬನ ಅವಸರಕ್ಕೆ ಗಾರೆ ಹಸಿಯಿರುವಾಗಲೇ ಕಮಾನಿನ ಆಸರೆ ಬಿಚ್ಚಿದರು. ಕಮಾನು ಕುಸಿದು ರಂಗನಾಯಕ ಅದರಡಿಯಲ್ಲೇ ಸತ್ತ. ಅಂದಿನಿಂದ ಬೋರಯ್ಯ ತಾನು ಹೊಡೆದ ಸೆಂಟ್ರಿಂಗನ್ನು ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ.

ಈರುಳ್ಳಿ ಮಂಡಿಯ ನಮ್ಮ ಮಾವ ವೃಷಭೇಂದ್ರಪ್ಪನವರು ಐವತ್ತಾರನೇ ಇಸವಿಯಲ್ಲಿ ತಾರಸಿ ಮನೆ ಕಟ್ಟಿಸಿದರು. ಮಾವನದು ಒಳ್ಳೆಯ ಮನಸ್ಸೇ, ಆದರೆ ಹಟಕ್ಕೆ ಬಿದ್ದರೆ ಮುಗಿಯಿತು. ತಾರಸಿ ಹಾಕಿ ವಾರವಾಗಿತ್ತಷ್ಟೆ, ಪೂಜೆ ಮಾಡಿಸುವ ಅಯ್ಯನವರು ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟುಬಿಟ್ಟರು. ನಡುಮನೆಯ ತುಂಬ ಗಳಗಳು. ಅವುಗಳ ನಡುವೆಯೇ ಪೂಜೆ ಮುಗಿಸಬಹುದಿತ್ತು, ಆದರೆ ಮಾವನ ತಕರಾರೇ ಬೇರೆಯಿತ್ತು. ಪೂಜೆಯಾದ ಮನೆಯೊಳಕ್ಕೆ ನಾಯಕರ ಬೀದಿಯ ಬೋರಯ್ಯ ಬರುವ ಹಾಗಿರಲಿಲ್ಲ. ಆಮೇಲೆ ಬಿಚ್ಚುವವರು ಯಾರು? ಅದಕ್ಕೇ ಮೊದಲೇ ಬಿಚ್ಚಿಸಬೇಕು. ಕಟ್ಟುವಾಗ ತಿಂಗಳುಗಟ್ಟಲೆ ಒಳಗೇ ಓಡಾಡಿದವನು ಹಾಲು ಉಕ್ಕಿದ ಕೂಡಲೇ ಹೇಗೆ ಹೊರಗಿನವನಾಗುತ್ತಾನೋ, ನನ್ನ ತಲೆಗೆ ಇವತ್ತಿಗೂ ಹತ್ತಿಲ್ಲ.

ಮುಹೂರ್ತದ ಬೆಳಿಗ್ಗೆ ಮನೆಯ ಸೊಸೆಯಾದ ನಾನು ಹಾಲಿನ ಪಾತ್ರೆ ಹಿಡಿದು ಹೊಸಿಲ ಹೊರಗೆ ನಿಂತಿದ್ದೆ. ನಂಟರೆಲ್ಲ ಬೀದಿಯಲ್ಲಿ ಕಾಯುತ್ತಿದ್ದರು. ಮಾವ ಮಂಡಿಯ ಇಬ್ಬರು ಹಮಾಲರ ಕೈಗೆ ಸುತ್ತಿಗೆ ಕೊಟ್ಟು ಒಳಗೆ ಕಳಿಸಿದ್ದರು. ಸುದ್ದಿ ತಿಳಿದು ಬೋರಯ್ಯ ಓಡಿ ಬರುವಷ್ಟರಲ್ಲಿ ಮೂಲೆಯ ಒಂದು ಗಳ ನೆಲಕ್ಕೆ ಬಿದ್ದಿತ್ತು. ಮೇಲಿನಿಂದ ಪುಡಿ ಉದುರಿತು.

“ಸೆಂಟ್ರಿಂಗು ಮುಟ್ಟುಸ್ಬ್ಯಾಡಿ ಬುದ್ಧಿ! ಇನ್ನೂ ಹಸಿ ಅದೆ. ಜನ ಕುಂತಿರ್ವಾಗ ಬಿದ್ರೆ ಒಬ್ರೂ ಉಳ್ಯಾಕಿಲ್ಲ.”

“ನೀನು ಬಿಚ್ಚುದ್ರೆ ಬಿಚ್ಚು, ಇಲ್ದಿದ್ರೆ ಓಗ್ಲಾ ಆಚ್ಗೆ,” ಎಂದು ಮಾವ ಗದರಿದರು.

ಬೋರಯ್ಯ ಒಳಗೆ ನುಗ್ಗಿ ನಡುವಿನ ಗಳವನ್ನು ತಬ್ಬಿಕೊಂಡು ಕುಳಿತುಬಿಟ್ಟ. “ಒಡೀರಿ. ನನ್ ಮ್ಯಾಲೇ ಬೀಳ್ಲಿ.”

ಹಮಾಲ ಎತ್ತಿದ ಸುತ್ತಿಗೆ ಎತ್ತಿದ ಹಾಗೇ ನಿಂತಿತು. ಮೂಲೆಯಲ್ಲಿ ಹಲಗೆ ಕಟಕ್ಕೆಂದಿತು. ನನ್ನ ಕೈಯ ಹಾಲು ತುಳುಕಿ ಸೆರಗು ನೆನೆಯಿತು.

ಆಗ ಮಾವನ ತಾಯಿ ಶಾಂತಮಲ್ಲಮ್ಮಜ್ಜಿ ಕೋಲೂರಿಕೊಂಡು ಸೀದಾ ಒಳಗೆ ನಡೆದರು. ಎಲ್ಲರೂ ಬೇಡ ಬೇಡವೆಂದು ಕೂಗಿದೆವು. ಅಜ್ಜಿ ಯಾರ ಮಾತು ಕೇಳಿದವರು?

“ಸೆಂಟ್ರಿಂಗು ಸೆಂಟ್ರಿಂಗು ಅಂತ ಯಾಕ್ಲಾ ಸಾಯ್ತಿದ್ದೀಯೆ? ಅಂಗಂದ್ರೇನ್ಲಾ?”

“ಚಪ್ಪರ ಕಣ್ರವ್ವಾ,” ಬೋರಯ್ಯ ಬಿಕ್ಕುತ್ತ ಹೇಳಿದ. “ಮ್ಯಾಗಿಂದು ತಾನೇ ನಿಂತ್ಕೊಳಗಂಟ ಆಕೋ ಚಪ್ಪರ. ಇದ್ನ ಬಿರ್ನೆ ಬಿಚ್ಚೇ ನಮ್ಮಣ್ಣನ್ನ ಕೊಂದುಬುಟ್ರು.”

ಅಜ್ಜಿ ಸುತ್ತಲಿನ ಗಳಗಳನ್ನು ನೋಡಿದರು. “ಚಪ್ಪರ ಅಂದ್ಮೇಲೆ ಹಾಲುಗಂಬ ಇರ್ಬೇಕಲ್ಲ. ಯಾವ್ದು?”

ಬೋರಯ್ಯ ತಾನು ತಬ್ಬಿದ್ದ ಗಳವನ್ನೇ ತೋರಿಸಿದ. ಅಜ್ಜಿ ನನ್ನನ್ನು ಕರೆದರು. ಹಾಲಿನ ಪಾತ್ರೆ ಹಿಡಿದುಕೊಂಡೇ ಒಳಗೆ ಹೋದೆ. ಅವರು ಗಳದ ಬುಡಕ್ಕೆ ಹಾಲೆರೆದು, ಅರಿಶಿನ ಹಚ್ಚಿ ಕೈಮುಗಿದರು. ಮದುವೆ ಮನೆಯಲ್ಲಿ ಹಾಲುಗಂಬಕ್ಕೆ ಹಾಲೆರೆದ ಮೇಲೆ ಕಾರ್ಯ ಮುಗಿಯುವ ತನಕ ಚಪ್ಪರದ ಒಂದು ಗಳವನ್ನೂ ಯಾರೂ ಕೀಳುವುದಿಲ್ಲ. ಹಮಾಲರು ಸುತ್ತಿಗೆ ಕೆಳಗಿಟ್ಟರು. ಬೋರಯ್ಯ ಎದ್ದು ಹೋಗಿ, ಬಿದ್ದಿದ್ದ ಗಳವನ್ನು ಮೂಲೆಗೆ ಮತ್ತೆ ಬಿಗಿದ.

ಮಾವ ಅಷ್ಟಕ್ಕೂ ಬಿಡಲಿಲ್ಲ. “ಅವ್ವ, ಮುಂದ್ಕೆ ಬಿಚ್ಚಕ್ಕೆ ಇವನು ಒಳೀಕ್ ಬರ್ಬೇಕಲ್ಲ?”

“ಹಾಲುಗಂಬ ತಂದು ನೆಡೋನು ಯಾರ್ಲಾ? ಸೋದರಮಾವ. ಅವನು ಒಳೀಕ್ ಬರ್ದೆ ಬೀದೀಲಿ ನಿಂತ್ಕತಾನಾ? ನಿನ್ನ ಸೋದರಮಾವ ನಂಗೇನಾಗ್ಬೇಕು, ಹೇಳು.”

ಮಾವ ತಲೆ ತಗ್ಗಿಸಿದರು. ಬೀದಿಯಲ್ಲಿದ್ದ ನಂಟರ ಮುಖ ನೋಡಬೇಕಿತ್ತು! ಅಜ್ಜಿಗೆ ಎಪ್ಪತ್ತು ದಾಟಿತ್ತು, ಬೋರಯ್ಯನಿಗೆ ಮೂವತ್ತೂ ತುಂಬಿರಲಿಲ್ಲ. ಮೊದಲ ತಾಂಬೂಲವನ್ನು ಅವನ ಕೈಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಅಜ್ಜಿ ಹೇಳಿದರು:

“ತಕೋ ಅಣ್ಣಾ. ಉಂಡ್ಕೊಂಡೇ ಓಗ್ಬೇಕು.”

ಬೋರಯ್ಯ ತಾಂಬೂಲ ಹಿಡಿದುಕೊಂಡೇ ಅತ್ತುಬಿಟ್ಟ. ಮಧ್ಯಾಹ್ನದ ಪಂಕ್ತಿಯಲ್ಲಿ ಅವನ ಎಲೆಯನ್ನು ನಾನೇ ಹಾಕಿದೆ, ಮಾವನ ಎಲೆಯ ಪಕ್ಕಕ್ಕೆ.