ಮಾರಕ್ಕ ಕತ್ತರಿಸದೆ ಬಿಟ್ಟ ಆನೆ

ಡಿಸೆಂಬರ್ ಚಳಿ. ಸೇಲಂನ ರೇಡಿಯೋ ಪಾರ್ಕಿಗೆ ನಾಲ್ಕು ಜನ ಬರುವ ಹೊತ್ತಿಗೆ ಮಾರಕ್ಕ ಬೇಲಿಗಿಡದ ಅರ್ಧ ಸಾಲು ಮುಗಿಸಿದ್ದಾರೆ. ಕಡಯಂಪಟ್ಟಿಯಿಂದ ಮೊದಲ ಬಸ್ಸು ಹಿಡಿದು ಬಂದವರು. ಸೀರೆಯ ಮೇಲೊಂದು ಗಂಡಸರ ಷರಟು, ಕೈಯಲ್ಲಿ ಮೊಳದುದ್ದದ ಕತ್ತರಿ. ಕಚಕ್ ಕಚಕ್ ಅಂತ ಸಾಗುವ ಸದ್ದು ಗಿಡದ ಆನೆಯ ಹತ್ತಿರ ಬಂದು ನಿಲ್ಲುತ್ತದೆ. ಆನೆಯನ್ನು ಬಿಟ್ಟು ಆಚೆಯಿಂದ ಮತ್ತೆ ಶುರು.

ದಿನಾ ವಾಕಿಂಗ್ ಬರುವ ಸುಬ್ಬರಾಯಪ್ಪನವರು ಸುಮ್ಮನಿರುವವರಲ್ಲ. "ಏನ್ ಮಾರಕ್ಕ, ಆನೆಗೆ ಕರಡಿ ಕೂದ್ಲು ಬಂದೈತೆ! ಸಂಬಳ ಬರ್ತಾ ಇಲ್ವಾ?"

"ನಿಮ್ ಮೀಸೆ ನೋಡ್ಕಳಿ ಸಾಮಿ. ಕತ್ತರಿ ಕೈಯಾಗೇ ಐತೆ."

ಈ ತೋಟ ಒಂದು ಕಾಲದಲ್ಲಿ ಊರಿನ ಸಂಜೆಯೇ ಆಗಿತ್ತು. ಗುಂಡು ಮಂಟಪದಲ್ಲಿ ಶನಿವಾರ ಬ್ಯಾಂಡು ಬಾರಿಸುತ್ತಿದ್ದರಂತೆ. ಆಮೇಲೆ ರೇಡಿಯೋ ಬಂತು. ಓಮಲೂರಿನಿಂದ ಕೆಲಸಕ್ಕೆ ಬಂದವರೂ ಇಲ್ಲಿ ಕೂತು ಸುದ್ದಿ ಕೇಳಿ, ಕಾರಂಜಿಯ ಮೀನಿಗೆ ಪುರಿ ಎಸೆದು ಬಸ್ಸು ಹತ್ತುತ್ತಿದ್ದರು. ಮನೆಮನೆಗೆ ಟಿ.ವಿ. ಬಂದ ಮೇಲೆ ಲೌಡ್‌ಸ್ಪೀಕರಿನಲ್ಲಿ ಮೈನಾ ಗೂಡು ಕಟ್ಟಿತು, ಕಾರಂಜಿ ಕಸದ ತೊಟ್ಟಿಯಾಯಿತು. ಯಾಕೆ ಅಂತ ಯಾರೂ ಕೇಳಲಿಲ್ಲ.

ಉಳಿದದ್ದು ಆನೆ. ಇಲ್ಲಿ ತೋಟಗಾರರಾಗಿದ್ದ ಮಾರಕ್ಕನ ಗಂಡ ಮಾದಯ್ಯ ಕಂಬಿ ಬಗ್ಗಿಸಿ, ಅದರ ಮೇಲೆ ಗಿಡ ಹಬ್ಬಿಸಿ ಮಾಡಿದ್ದು. ಅವರು ತೀರಿಕೊಂಡ ಮೇಲೆ ಕೆಲಸವೂ ಕತ್ತರಿಯೂ ಮಾರಕ್ಕನ ಕೈಗೆ ಬಂದವು.

"ಮೊದ್ಲ ವರ್ಸ ಸೊಂಡ್ಲೇ ಕತ್ತರಿಸ್ಬುಟ್ಟೆ! ಆನೆ ಓಗಿ ಹಂದಿ ಆಯ್ತು. ಮಕ್ಕಳೆಲ್ಲಾ 'ಪನ್ನಿ, ಪನ್ನಿ' ಅಂತ ನಗೋವು," ಅಂತ ಮಾರಕ್ಕ ನನಗೆ ಹೇಳುತ್ತಾರೆ.

ಆಯುಧಪೂಜೆಯ ದಿನ ಕತ್ತರಿಗೆ ಕುಂಕುಮ ಇಟ್ಟ ಬೆರಳಲ್ಲೇ ಆನೆಯ ಹಣೆಗೂ ಇಡುವುದು ಮಾದಯ್ಯನವರ ಪದ್ಧತಿ. ಮಾರಕ್ಕ ಅದನ್ನು ತಪ್ಪಿಸಿಲ್ಲ. ಆದರೆ ಈ ಸಲದ ಪೂಜೆಯಿಂದೀಚೆ ಆನೆಗೆ ಕತ್ತರಿ ಸೋಕಿಸಿಲ್ಲ. ಪೊಂಗಲ್ ಕಳೆದರೆ ಇಲ್ಲಿ ಅಂಗಡಿ ಸಾಲು ಏಳುತ್ತದೆ. ಆನೆ ನಿಂತಲ್ಲೇ ಪಾಯ.

ಬೇರೆ ಕಡೆ ನೆಡಬಹುದಲ್ಲ ಅಂದೆ.

"ಕಂಬೀನೆಲ್ಲಾ ಕಾಂಡ ನುಂಗ್ಬುಟ್ಟೈತೆ ಸಾರ್. ಎತ್ತಿದ್ರೆ ಸಾಯ್ತದೆ."

ಹಾಗಾದರೆ ಇರುವಷ್ಟು ದಿನ ಚೆಂದವಾಗಿ ಇಡಬಾರದೇ? ಮಾರಕ್ಕ ಅಲಗನ್ನು ಸೆರಗಿನಲ್ಲಿ ಒರೆಸುತ್ತಾರೆ.

"ಹಣೆಗೆ ಕುಂಕುಮ ಇಟ್ಟಿವ್ನಿ. ಆನೆ ಮುಖ ಇದ್ದಂಗೇ ಗಡಪಾರೆ ಆಕಿದ್ರೆ ನೋಡಕ್ಕಾಯ್ತದಾ? ಪೊಂಗಲ್ ಗಂಟ ಕೀಳ್ಬ್ಯಾಡಿ ಅಂತ ಅಂಗಡಿ ಕಟ್ಟೋ ಮೇಸ್ತ್ರಿ ತಾವ ಕೇಳಿವ್ನಿ, ಅಷ್ಟೇ. ಕಣ್ಣು, ಸೊಂಡ್ಲು ಎಲ್ಲಾ ಮುಚ್ಚೋಗ್ಲಿ. ಬರೀ ಗಿಡ ಅಂತ ಕಿತ್ಕೊಂಡು ಓಗ್ಲಿ."

ಹಾಗೆಂದವರು ಕತ್ತರಿಯ ತುದಿಯಿಂದ ಆನೆಯತ್ತ ತೋರಿಸುತ್ತಾರೆ.

"ಆ ಎಡಗಿವಿ ಮಾತ್ರ ಇನ್ನೂ ಮುಚ್ತಾ ಇಲ್ಲ. ಅಂಗ್ ಕಟ್ಟವ್ರೆ ನಮ್ಮನೆಯವ್ರು."