ರೈಲಿನ ಪಾಲು

ಮಾಗಡಿಗೆ ಹೋಗಲು ಕ್ಲೋಸ್‌ಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ ಇಳಿಹೊತ್ತು. ಬೆಳಿಗ್ಗೆಯೇ ಮುಟ್ಟಬೇಕಿತ್ತು. ರೈಲು, ಎತ್ತಿನ ಬಂಡಿ, ತಂಗುವ ಜಾಗ ಎಲ್ಲವನ್ನೂ ಗಂಟೆಗಳ ಸಮೇತ ಚೀಟಿಯಲ್ಲಿ ಬರೆದುಕೊಂಡಿದ್ದೆ. ಬುತ್ತಿ ಮಾತ್ರ ಒಂದೇ ಹೊತ್ತಿನದು. ಅಮ್ಮನಾದರೆ ಚೀಟಿಯ ಗೊಡವೆಗೆ ಹೋಗದೆ ಎರಡು ಬುತ್ತಿ ಕಟ್ಟುತ್ತಿದ್ದಳು. ಎರಡನೆಯದರ ಹೆಸರೇ ‘ರೈಲಿನ ಪಾಲು’. ರೈಲು ತಡವಾದರೆ ಅದು ನಮಗೆ, ಇಲ್ಲವಾದರೆ ಬಂಡಿ ಹೊಡೆಯುವ ಕೆಂಪಯ್ಯನಿಗೆ.

ಅದೇ ಕೆಂಪಯ್ಯ ಈಗಲೂ ಹುಣಸೆಮರದಡಿ ನನಗಾಗಿ ಕಾದಿದ್ದ. ಎತ್ತುಗಳನ್ನು ಆಗಲೇ ನೊಗದಿಂದ ಬಿಚ್ಚಿದ್ದ.

“ಇವತ್ತು ಮಾಗಡಿ ಆಗಾಕಿಲ್ಲ ಸ್ವಾಮಿ. ಛತ್ರದಾಗೆ ಉಳ್ಕಂಡು, ಕೋಳಿ ಕೂಗ್ದಾಗ ಹೊಲ್ಡವ.”

ನನ್ನ ಬುತ್ತಿ ಎಂದೋ ಮುಗಿದಿತ್ತು. ಅದನ್ನು ನಾನು ಹೇಳುವ ಮೊದಲೇ ಅವನು ಬಂಡಿಯ ಹುಲ್ಲಿನೊಳಗಿಂದ ಎರಡು ಬುತ್ತಿ ತೆಗೆದ.

“ಅವ್ವಾರು ಇಲ್ವಲ್ಲ. ರೈಲಿನ ಪಾಲು ಈ ಸಲ ನಾನೇ ಕಟ್ಕಂಡ್ ಬಂದೆ.”